ಬೊಗಳದ ನಾಯಿ ಯಲ್ದೂರಿಗೆ ಹೋದದ್ದು

ಪಶುವೈದ್ಯದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಮನೆಗೆ ಬಂದಾಗ ನನ್ನನ್ನು ರೋಗಗಳ ವಿಷಯ ಕೇಳುವುದಿಲ್ಲ. ರೋಗಗಳ ವಿಷಯ ಅವರ ಪುಸ್ತಕಗಳಲ್ಲಿ ನಮ್ಮ ಕಾಲದ್ದಕ್ಕಿಂತ ಚೆನ್ನಾಗಿಯೇ ಇದೆ. ಊರಿನ ಜನ ತಮ್ಮನ್ನು ಕೇಳುವ ಪ್ರಶ್ನೆಗಳನ್ನು ತಂದು ಅವರು ನನ್ನ ಮುಂದಿಡುತ್ತಾರೆ. ಅದರಲ್ಲಿ ಒಂದು ಪದೇ ಪದೇ ಬರುತ್ತದೆ. “ಸಾರ್, ನಾಯಿ ಸಾಕಬೇಕು ಅಂತಾರೆ. ಜಾತಿ ನಾಯಿ ಮರಿ ತರಿಸಿ ಅನ್ನೋದಾ, ಬೀದೀಲಿರೋದನ್ನೇ ತಂದು ಸಾಕಿ ಅನ್ನೋದಾ?”

ಇದಕ್ಕೆ ಕಾಲೇಜಿನಲ್ಲಿ ಪಾಠವಿಲ್ಲ. ನಾನು ಬಿ.ಎಸ್‌ಸಿ. ಮುಗಿಸಿ, ಆಮೇಲೆ ಮದರಾಸಿಗೆ ಹೋಗಿ ಪಶುವೈದ್ಯ ಓದಿ ಬಂದವನು. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸದಲ್ಲಿದ್ದಾಗ ಇದಕ್ಕೆ ಎರಡು ಬಾರಿ ಖಚಿತವಾದ ಉತ್ತರ ಕಂಡುಕೊಂಡೆ, ಎರಡು ಬಾರಿಯೂ ಅದನ್ನು ಬಿಟ್ಟೆ. ಮೂರನೆಯ ಬಾರಿ ಏನಾಯಿತು ಎಂಬುದನ್ನು ಇಲ್ಲಿ ಬರೆಯುತ್ತೇನೆ. ಬರೆಯುವ ಮುಂಚೆ ಒಂದು ಎಚ್ಚರಿಕೆ. ಬಹಳ ವರ್ಷಗಳ ಹಿಂದಿನ ಮಾತು, ನಾನು ಇದನ್ನು ಬಹಳ ಸಲ ಬಾಯಲ್ಲಿ ಹೇಳಿದ್ದೇನೆ. ಹೇಳಿ ಹೇಳಿ ಕತೆ ನಯವಾಗುತ್ತದೆ, ನಿಜ ಎಲ್ಲೋ ಸವೆದುಹೋಗುತ್ತದೆ. ನನಗೆ ಸಂಶಯವಿರುವ ಕಡೆ ಸಂಶಯ ಎಂದೇ ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಮೂವತ್ತರ ದಶಕದ ನಡುವೆ, ಕೋಲಾರದಲ್ಲಿ. ಜನರ ಬಾಯಲ್ಲಿ ನಾವು ದನದ ಡಾಕ್ಟರು. ದನಗಳನ್ನು ಸಾಲುಸಾಲಾಗಿ ಕೊಲ್ಲುವ ದೊಡ್ಡರೋಗ ಬಿದ್ದ ಹಳ್ಳಿಗೆ ಸೀರಂ ಸೀಸೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಹೋಗಬೇಕು. ನಾವು ತಲುಪುವಷ್ಟರಲ್ಲಿ ಅರ್ಧ ಕೊಟ್ಟಿಗೆ ಖಾಲಿಯಾಗಿರುತ್ತಿತ್ತು. ಆಮೇಲೆ ಆಡಿನ ಮೈಯಲ್ಲಿ ತಯಾರಿಸಿದ ಲಸಿಕೆ ಬಂತು, ರೋಗ ಬರುವ ಮುಂಚೆಯೇ ಹೋಗುವ ಭಾಗ್ಯ ನಮಗೆ ಸಿಕ್ಕಿತು. ಹೋರಿಗಳ ಬೀಜ ಒಡೆಯಲು ಕಲ್ಲು ಹೋಗಿ ಇಕ್ಕಳ ಬಂತು. ಇವುಗಳ ನಡುವೆ ನಾಯಿ ಎಂಬ ಪ್ರಾಣಿ ಆಸ್ಪತ್ರೆಗೆ ಬರುತ್ತಿದ್ದದ್ದು ದೊಡ್ಡವರ ಮನೆಯಿಂದ, ಆಳಿನ ಕೈಯಲ್ಲಿ ಸರಪಳಿ ಹಿಡಿಸಿಕೊಂಡು.

ಹಾಗೆ ಬಂದ ಮೊದಲನೆಯದು ಒಬ್ಬ ವಕೀಲರ ಮರಿ. ಬೆಂಗಳೂರು ದಂಡಿನಿಂದ ತರಿಸಿದ್ದು, ಉದ್ದ ಕೂದಲಿನದು. ಬಂದ ತಿಂಗಳೊಳಗೆ ಡಿಸ್ಟೆಂಪರ್ ಜ್ವರ ಹಿಡಿಯಿತು. ಮೂಗು ಸೋರಿ, ಕಾಲು ನಡುಗಿ ಸತ್ತಿತು. ಅದೇ ಬೀದಿಯ ಚರಂಡಿ ಪಕ್ಕದಲ್ಲಿದ್ದ ನಾಟಿ ಮರಿಗಳಿಗೂ ಅದೇ ಜ್ವರ ಬಂದಿತ್ತು. ಅವುಗಳಲ್ಲಿ ಎರಡೋ ಮೂರೋ ಬದುಕಿ ಓಡಾಡಿಕೊಂಡಿದ್ದವು. ನಾನು ಹೊಸಬ. ಅಷ್ಟಕ್ಕೇ ಸಿದ್ಧಾಂತ ಕಟ್ಟಿದೆ: ನಮ್ಮ ನೆಲಕ್ಕೆ ಬೀದಿಯ ನಾಯಿಯೇ ಸರಿ.

ಆ ಸಿದ್ಧಾಂತವನ್ನು ಮಾಲೂರಿಗೆ ವರ್ಗವಾದಾಗ ಜೊತೆಗೇ ಒಯ್ದೆ. ಅಲ್ಲಿಯ ಹೆಡ್‌ಮಾಸ್ಟರು ನಾಯಿ ಬೇಕೆಂದಾಗ ಬಸ್ ನಿಲ್ದಾಣದ ಹತ್ತಿರವಿದ್ದ ಒಂದನ್ನು ಹಿಡಿಸಿ, ಸ್ನಾನ ಮಾಡಿಸಿ ಕೊಡಿಸಿದೆ. ನಾಯಿ ಬಂಗಾರದಂಥದು. ಆದರೆ ಅದು ಹುಟ್ಟಿ ಬೆಳೆದದ್ದು ಕಸಾಯಿಖಾನೆಯ ಬೀದಿಯಲ್ಲಿ. ಸಂಜೆಯಾಯಿತೆಂದರೆ ಮಾಸ್ಟರ ಮನೆಯ ಮೊಸರನ್ನ ಬಿಟ್ಟು ಅಲ್ಲಿಗೆ ಓಡುತ್ತಿತ್ತು. ಹಣೆಗೆ ಅಂಗಾರ ಅಕ್ಷತೆ ಇಟ್ಟ ಮಾಸ್ಟರು ಕೈಯಲ್ಲಿ ಹಗ್ಗ ಹಿಡಿದು ಹಿಂದೆಯೇ. ಅಂಗಡಿಯವರು ಕೂಗುತ್ತಿದ್ದರಂತೆ, “ಬನ್ನಿ ಮೇಷ್ಟ್ರೇ, ನಿಮ್ಮ ಶಿಷ್ಯ ಇಲ್ಲೇ ಅವ್ನೆ, ಹಾಜರಿ ಹಾಕ್ಕೊಳ್ಳಿ!”

ಇದನ್ನು ನನಗೆ ಹೇಳಿ ನಕ್ಕವರು ಮಾಲೂರಿನ ರಂಗಯ್ಯ ನಾಯ್ಡು. ನಾನು ಕಂಡ ಮನುಷ್ಯರಲ್ಲಿ ನೆನೆಯಬೇಕಾದವರು. ರೈಲ್ವೆಯಲ್ಲಿ ಗಾರ್ಡಾಗಿದ್ದು ನಿವೃತ್ತರಾಗಿ, ಮನೆಯ ಹಿತ್ತಲಲ್ಲಿ ಅಲ್ಸೇಷಿಯನ್ ನಾಯಿಗಳನ್ನು ಸಾಕಿ ಮರಿ ಮಾಡಿಸುತ್ತಿದ್ದರು. ಮನೆಮಾತು ತೆಲುಗು, ಸಿಟ್ಟು ಬಂದರೆ ಇಂಗ್ಲಿಷು, ನಾಯಿಗಳ ಜೊತೆಗೆ ಕನ್ನಡ.

“ಏಮಯ್ಯಾ ಡಾಕ್ಟ್ರೇ, ಪಾಪ ಆ ಬ್ರಾಹ್ಮಣನಿಗೆ ಕಟುಕರ ಬೀದಿ ತೋರಿಸಿಬಿಟ್ರಂತೆ!”

ನಾಯ್ಡುಗಾರು ಮರಿ ಕೊಡುತ್ತಿದ್ದ ರೀತಿಯನ್ನು ನಮ್ಮ ಹುಡುಗರು ತಿಳಿದುಕೊಳ್ಳಬೇಕು. ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲ. ಮರಿ ಹೋಗುವ ಮನೆಗೆ ಮೊದಲು ತಾವು ಹೋಗಿ ಕೂರುವರು. ಅನ್ನ ಹಾಕುವವರು ಯಾರು, ಬಾಗಿಲು ಯಾವ ಕಡೆಗೆ, ಮನೆಯಲ್ಲಿ ಯಾರಿಗೆ ಭಯ, ಎಲ್ಲ ವಿಚಾರಿಸುವರು. ಒಬ್ಬ ಅಮಲ್ದಾರರಿಗೆ ಮುಖದ ಮೇಲೆಯೇ, “ನಿಮಗೆ ನಾಯಿ ಬೇಕಿಲ್ಲ ಸಾರ್, ನಾಯಿ ಇದೆ ಅಂತ ಬೋರ್ಡು ಬೇಕು. ಬೋರ್ಡು ಬರೆಸಿ,” ಎಂದಿದ್ದರು. ಅವರ ನಾಯಿಗಳ ಬುದ್ಧಿ, ಮೈಕಟ್ಟು, ಕರೆದರೆ ಬರುವ ಶಿಸ್ತು ನೋಡಿ ನನ್ನ ಸಿದ್ಧಾಂತ ತಲೆಕೆಳಗಾಯಿತು. ನಾಯಿ ಬೇಕೆಂದರೆ ತಂದೆ ತಾಯಿ ಗೊತ್ತಿರುವ ಮರಿಯನ್ನೇ, ಮರಿ ಮಾಡಿಸುವವನು ಯೋಗ್ಯನಿದ್ದರೆ ಅವನಿಂದಲೇ ತರಬೇಕು ಎಂದು ಎಲ್ಲರಿಗೂ ಹೇಳತೊಡಗಿದೆ. ಮುಳಬಾಗಿಲಿಗೆ ವರ್ಗವಾಗುವವರೆಗೂ ಹೀಗೇ ನಡೆಯಿತು.

ಮುಳಬಾಗಿಲಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಶ್ರೀನಿವಾಸಪುರದ ಕಡೆಯ ಹಳ್ಳಿಗಳೂ ನನ್ನ ತಲೆಗೇ ಬಿದ್ದಿದ್ದವು. ಆ ಹೊತ್ತಿಗೆ ನಾಯಿ ಕಚ್ಚಿದ ಪ್ರಕರಣಗಳ ವಿಷಯದಲ್ಲಿ ನಮ್ಮ ಮೇಲಧಿಕಾರಿಗಳು ಒಂದು ಬದಲಾವಣೆ ತಂದರು. ಅದುವರೆಗೆ ಕಚ್ಚಿದ ನಾಯಿಯನ್ನು ಜನ ಅಲ್ಲೇ ಹೊಡೆದು ಕೊಲ್ಲುತ್ತಿದ್ದರು. ಕೊಂದಮೇಲೆ ಹುಚ್ಚಿತ್ತೋ ಇಲ್ಲವೋ ಹೇಳುವುದು ಕಷ್ಟ. ಕಚ್ಚಿಸಿಕೊಂಡವನು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಳ್ಳುತ್ತಲೇ ಇರಬೇಕು. ನಮ್ಮ ಮೇಲಧಿಕಾರಿ ಮಾತು ಕಡಿಮೆಯ ಮನುಷ್ಯ. ಆಸ್ಪತ್ರೆಗೆ ಬಂದು ಹಿತ್ತಲು ನೋಡಿ, “ಇಲ್ಲಿ ಒಂದು ಗೂಟ ಹೊಡೆಸಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡಿ. ಅದು ಉಂಡುಕೊಂಡು ಚೆನ್ನಾಗಿದ್ದರೆ ಅದೇ ನಿಮ್ಮ ರಿಪೋರ್ಟು,” ಎಂದರು. ಅಷ್ಟೇ. ಆ ಒಂದು ಗೂಟದಿಂದ ಎಷ್ಟು ಜನ ಸೂಜಿಯಿಂದ ಉಳಿದರೋ. ನಾಯಿಗಳೂ ಉಳಿದವು. ಆದರೆ ಹಾಗೆ ಉಳಿದ ನಾಯಿಗೆ ದಿಕ್ಕಿಲ್ಲ. ಕಚ್ಚಿದ್ದೆಂಬ ಹೆಸರು ಹೊತ್ತ ನಾಯಿಯನ್ನು ಯಾರು ಒಯ್ಯುತ್ತಾರೆ? ಗಡುವು ಮುಗಿದ ಮೇಲೆ ಪುರಸಭೆಯ ಆಳು ಬಂದು ಕೊಂಡೊಯ್ಯುತ್ತಿದ್ದ. ಅದು ಮತ್ತೆ ಬರುತ್ತಿರಲಿಲ್ಲ.

ಆ ಗೂಟಕ್ಕೆ ಒಂದು ಕಂದು ಬಣ್ಣದ ಹೆಣ್ಣುನಾಯಿ ಬಂತು. ನನ್ನ ನೆನಪಿನಲ್ಲಿ ಕಂದು. ನಮ್ಮ ಕಾಂಪೌಂಡರು ಮುನಿವೆಂಕಟಪ್ಪ ಈಚೆಗೆ ಸಿಕ್ಕಾಗ ಕಪ್ಪು ಎಂದು ವಾದಿಸಿದ. ನಾಯಿಯ ಬಣ್ಣಕ್ಕೆ ನಾನು ಜಾಮೀನು ನಿಲ್ಲುವುದಿಲ್ಲ. ಸ್ವಭಾವಕ್ಕೆ ನಿಲ್ಲುತ್ತೇನೆ: ಅದು ಬೊಗಳುತ್ತಿರಲಿಲ್ಲ. ಬಟ್ಟೆ ಅಂಗಡಿಯ ಗುಮಾಸ್ತನೊಬ್ಬ ಅದರ ಪಾದ ಮೆಟ್ಟಿದ್ದ, ಅದು ಸದ್ದಿಲ್ಲದೆ ತಿರುಗಿ ಮೀನಖಂಡ ಹಿಡಿದಿತ್ತು. ಗೂಟಕ್ಕೆ ಕಟ್ಟಿದ ಮೇಲೂ ಅಷ್ಟೆ. ಯಾರಾದರೂ ಬಂದರೆ ಎದ್ದು ನಿಲ್ಲುವುದು, ಆ ಕಡೆಗೆ ಮುಖಮಾಡಿ ನೋಡುವುದು, ಅವರು ಕೂತಮೇಲೆ ತಾನೂ ಕೂರುವುದು.

“ಇದೆಂಥ ನಾಯಿ ಸಾ,” ಎನ್ನುತ್ತಿದ್ದ ಮುನಿವೆಂಕಟಪ್ಪ. “ಬೊಗಳಕ್ಕೂ ಸೋಮಾರಿ. ಗೌರ್ಮೆಂಟ್ ಕೆಲ್ಸಕ್ಕೆ ಸೇರಿಸ್ಕೊಳ್ಳಿ.”

ಆ ದಿನಗಳಲ್ಲೇ ಖಾದರ್ ಸಾಹೇಬರು ಆಸ್ಪತ್ರೆಗೆ ಬಂದರು. ಮುಳಬಾಗಿಲಿನ ಪೇಟೆಯಲ್ಲಿ ಪಾತ್ರೆ ಅಂಗಡಿ, ಜೊತೆಗೆ ಮಾವಿನ ವ್ಯಾಪಾರ. ಯಲ್ದೂರಿನ ಹತ್ತಿರ ಒಂದು ದೊಡ್ಡ ತೋಪನ್ನು ಪ್ರತಿವರ್ಷ ಹೂವಿನಲ್ಲೇ ಗುತ್ತಿಗೆ ಹಿಡಿಯುತ್ತಿದ್ದರು. ಹೂವಿನಿಂದ ಹಣ್ಣು ಇಳಿಯುವವರೆಗೆ ತೋಪಿನಲ್ಲಿ ಯಾರಾದರೂ ಇರಲೇಬೇಕು. ಅವರ ಕಡೆಯಿಂದ ಇರುತ್ತಿದ್ದವನು ತಮ್ಮ, ಬಾಬು. ಹುಟ್ಟಿನಿಂದ ಕಿವುಡ, ಮಾತೂ ಇಲ್ಲ. ಆಗ ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಹಿಂದಿನ ಹಂಗಾಮಿನಲ್ಲಿ ಬೆಳಿಗ್ಗೆ ಉದುರಿದ ಹಣ್ಣು ಆರಿಸುತ್ತಿದ್ದಾಗ ಹಿಂದಿನಿಂದ ಕರಡಿ ಬಂದಿತ್ತು. ಎಲ್ಲರಿಗೂ ಕೇಳಿಸುವಂತೆ ಗುರುಗುಟ್ಟುತ್ತ ಬರುವ ಪ್ರಾಣಿ ಅದು. ಇವನಿಗೆ ಕೇಳಿಸಲಿಲ್ಲ. ಹೆಗಲಿನಿಂದ ಬೆನ್ನಿನವರೆಗೆ ಸಿಗಿದುಹೋಗಿತ್ತು.

“ಈ ವರ್ಷ ಕಳಿಸಲ್ಲ ಅಂದ್ಬಿಟ್ಟೆ ಡಾಕ್ಟರ್ ಸಾಬ್,” ಎಂದರು ಸಾಹೇಬರು. “ಅಂಗಡೀಲಿ ಕೂರಿಸ್ದೆ. ಗಿರಾಕಿ ಹಿಂದಿಂದ ಕೂಗ್ತಾರೆ, ಇವನು ತಿರುಗಲ್ಲ. ನಗ್ತಾರೆ. ಅನ್ನ ಬಿಟ್ಬಿಟ್ಟಿದ್ದಾನೆ. ಅಂಗಡೀಲಿ ಅವನು ಕಿವುಡ. ತೋಟದಲ್ಲಿ ಕಿವುಡ ಅಲ್ಲ, ಯಜಮಾನ. ಏನ್ ಮಾಡ್ಲಿ? ಕಳಿಸಿದ್ರೆ ಕರಡಿ, ಕಳಿಸ್ದಿದ್ರೆ ಹೀಗೆ.”

“ನಾಯಿ?”

“ಅದಕ್ಕೇ ಬಂದೆ. ತೋಟ ಕಾಯೋಕೆ ನಾಯಿ ಇಟ್ಕೋಬೋದು, ನಮ್ಮಲ್ಲಿ ಅದಕ್ಕೆ ಅಡ್ಡಿ ಇಲ್ಲ. ಎಂಜಲು ಬಟ್ಟೆಗೆ ತಾಗಿದ್ರೆ ನಮಾಜಿಗೆ ಮುಂಚೆ ತೊಳೀಬೇಕು, ಅಷ್ಟೆ. ಒಳ್ಳೆ ನಾಯಿ ಸಿಕ್ಕಿದ್ರೆ ಅವನು ತೋಟಕ್ಕೆ. ಸಿಗ್ಲಿಲ್ಲ, ಅಂಗಡೀನೇ.”

ನಾನು ತಡಮಾಡದೆ ನಾಯ್ಡುಗಾರ ಹೆಸರು ಹೇಳಿದೆ. ನಾವು ಮಾತಾಡುತ್ತಿರುವಾಗ, ಅಣ್ಣನ ಜೊತೆ ಬಂದಿದ್ದ ಬಾಬು ಹಿತ್ತಲಿಗೆ ಹೋಗಿದ್ದ. ಕರೆಯಲು ಹೋದಾಗ ಗೂಟದಿಂದ ಸ್ವಲ್ಪ ದೂರದಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂತು ಆ ನಾಯಿಯನ್ನೇ ನೋಡುತ್ತಿದ್ದ. ನಾನು ಹೊಸ್ತಿಲು ದಾಟುತ್ತಿದ್ದಂತೆ ನಾಯಿ ಎದ್ದು ನನ್ನ ಕಡೆ ತಿರುಗಿತು. ಬಾಬು ನಾಯಿಯ ಮುಖ ನೋಡಿ, ಆಮೇಲೆ ತಿರುಗಿ ನನ್ನನ್ನು ನೋಡಿ ನಕ್ಕ. ಇದನ್ನು ಅಂದು ನಾನು ಅರ್ಥ ಮಾಡಿಕೊಂಡೆ ಎಂದು ಎಷ್ಟೋ ಸಲ ಹೇಳಿದ್ದೇನೆ. ಈಗ ಬರೆಯುವಾಗ ಅನುಮಾನ ಬರುತ್ತಿದೆ. ಅರ್ಥ ಮಾಡಿಕೊಂಡಿದ್ದರೆ ನಾಯ್ಡುಗಾರನ್ನು ಮಾಲೂರಿನಿಂದ ಏಕೆ ಕರೆಸುತ್ತಿದ್ದೆ?

ಹೊರಡುವಾಗ ಬಾಬು ಹಗ್ಗ ಬಿಚ್ಚಿ ನಾಯಿಯನ್ನು ಗಾಡಿಗೆ ಹತ್ತಿಸಿಯೇ ಬಿಟ್ಟ. ಸಾಹೇಬರು ತಲೆ ಚಚ್ಚಿಕೊಂಡರು. “ಅರೆ, ಕಚ್ಚಿ ಸಿಕ್ಕಿಬಿದ್ದಿರೋದು ಕಣೋ ಇದು! ಜೈಲಿಂದ ಬಿಡಿಸ್ಕೊಂಡು ಹೋಗ್ತಿದೀಯೇನೋ?” ಗಡುವು ಮುಗಿದಿತ್ತು, ನಾಯಿಗೆ ರೋಗವಿರಲಿಲ್ಲ. ಪುರಸಭೆಯ ಆಳಿಗಿಂತ ಮೊದಲು ಯಾರೋ ಒಯ್ದರೆಂದು ನನಗೆ ಸಮಾಧಾನವೇ ಆಯಿತು. ನಾಯ್ಡುಗಾರ ನಾಯಿ ಬರುವವರೆಗೆ ಇದು ಇರಲಿ ಎಂದೆ.

ನಾಯ್ಡುಗಾರು ಇದ್ದಿಲು ಬಸ್ಸಿನಲ್ಲಿ ಬಂದರು. ಪೆಟ್ರೋಲಿಲ್ಲದ ಕಾಲ, ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಬಿಡುತ್ತ ಓಡುತ್ತಿದ್ದವು. ಬಸ್ಸಿನಿಂದ ಇಳಿದಾಗ ಅವರ ಬಿಳಿ ಮೀಸೆ ಕಪ್ಪಾಗಿತ್ತು, ನಾಯಿ ಮಾತ್ರ ಕೆಡದೆ ಇತ್ತು. ವರ್ಷದ ಗಂಡುನಾಯಿ, ಹೆಸರು ರಾಜ. ನೆಟ್ಟಗೆ ನಿಂತ ಕಿವಿ, ಇಳಿಜಾರಾದ ಬೆನ್ನು. ನನ್ನ ಆಯುಷ್ಯದಲ್ಲಿ ಅಂಥ ಚೆಂದದ ನಾಯಿಯನ್ನು ಹೆಚ್ಚು ನೋಡಿಲ್ಲ.

ಎರಡು ನಾಯಿಗಳನ್ನೂ ಕರೆದುಕೊಂಡು ಎಲ್ಲರೂ ಯಲ್ದೂರಿನ ತೋಪಿಗೆ ಹೋದೆವು. ಪರೀಕ್ಷೆ ಹೇಗೆಂದು ಯಾರೂ ಯಾರನ್ನೂ ಕೇಳಲಿಲ್ಲ. ಕಾವಲು ನಾಯಿಯ ಪರೀಕ್ಷೆ ಎಂದರೆ ಎಲ್ಲರಿಗೂ ಒಂದೇ. ಮುನಿವೆಂಕಟಪ್ಪ ಕರಿ ಕಂಬಳಿ ಹೊದ್ದು ಕರಡಿಯಾದ. ಮರಗಳ ಮರೆಯಲ್ಲಿ ಬಗ್ಗಿ ಬಗ್ಗಿ ಬಂದ. ರಾಜ ಅವನನ್ನು ಎಷ್ಟೋ ದೂರದಿಂದಲೇ ಹಿಡಿದ. ಆ ಬೊಗಳಿಕೆಗೆ ತೋಪೇ ನಡುಗಿತು. ಗಿಳಿಗಳೆಲ್ಲ ಎದ್ದು ಹಾರಿದವು. ಕರಡಿ ಕಂಬಳಿ ಬಿಟ್ಟು ಮರ ಹತ್ತಿತು.

“ಶಾಬಾಷ್!” ಎಂದರು ಸಾಹೇಬರು. “ಇದು ನಾಯಿ! ಶ್ರೀನಿವಾಸಪುರಕ್ಕೂ ಕೇಳಿರ್ಬೇಕು.”

ಮುನಿವೆಂಕಟಪ್ಪ ಇಳಿದು ಬಂದು ಈಗ ಇನ್ನೊಂದರ ಕಡೆ ಹೊರಟ. ಬಾಬು ಅದನ್ನು ಮರದ ಕೆಳಗಿನ ಮಂಚದ ಕಾಲಿಗೆ ಉದ್ದ ಹಗ್ಗದಲ್ಲಿ ಕಟ್ಟಿದ್ದ. ಅದು ಎದ್ದಿತು, ನೋಡಿತು. ಅಷ್ಟೆ. ಮುನಿವೆಂಕಟಪ್ಪ ಹತ್ತಿರ ಹತ್ತಿರ ಬಂದು ಕಂಬಳಿ ಕೊಡವಿದ. ಅದು ಹಗ್ಗದ ತುದಿಯಲ್ಲಿ ನಿಂತು ನೋಡುತ್ತಲೇ ಇತ್ತು.

“ಕರಡಿ ಬಂದ್ರೆ ಇದು ಬನ್ನಿ ಕೂತ್ಕೊಳ್ಳಿ ಅಂತದೆ,” ಎಂದರು ಸಾಹೇಬರು. ನಾವೆಲ್ಲ ನಕ್ಕೆವು. ಓದಿದವನು ನಾನು, ಗಾರ್ಡಾಗಿ ಊರೂರು ತಿರುಗಿದವರು ನಾಯ್ಡುಗಾರು, ತಮ್ಮನನ್ನು ಹುಟ್ಟಿದಾರಭ್ಯ ನೋಡಿದ ಅಣ್ಣ, ಎಲ್ಲರೂ.

ಬಾಬು ನಮ್ಮ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದ. ಆಮೇಲೆ ಎದ್ದು ಬಂದು ಅಣ್ಣನ ಹಿಂದೆ ನಿಂತ. ತನ್ನ ಎರಡು ಅಂಗೈಗಳಿಂದ ಅಣ್ಣನ ಕಿವಿಗಳನ್ನು ಬಿಗಿಯಾಗಿ ಮುಚ್ಚಿದ. ಅಲ್ಲಿಂದಲೇ ಗದ್ದ ಎತ್ತಿ ಮುನಿವೆಂಕಟಪ್ಪನಿಗೆ ಕಂಬಳಿ ತೋರಿಸಿದ. ಮುನಿವೆಂಕಟಪ್ಪ ಮತ್ತೆ ಕಂಬಳಿ ಹೊದ್ದ. ರಾಜ ಮತ್ತೆ ಬೊಗಳಿದ.

ಸಾಹೇಬರು ಮೊದಲು ನಗುತ್ತಿದ್ದರು. ಆಮೇಲೆ ನಗು ನಿಂತಿತು. ಬಾಬು ಕೈ ತೆಗೆದಾಗ ಅವರು ತಮ್ಮನ ಮುಖ ನೋಡಲಿಲ್ಲ, ನೆಲ ನೋಡಿದರು.

ಮೊದಲು ಮಾತಾಡಿದವರು ನಾಯ್ಡುಗಾರು. “ಅಯ್ಯಯ್ಯೋ,” ಎಂದರು ಮೆಲ್ಲಗೆ. “ಮನೇಲಿ ಯಾರಿದಾರೆ ಅಂತ ಎಲ್ಲರನ್ನೂ ಕೇಳೋನು ನಾನು. ಇವತ್ತು ಅದನ್ನೇ ಮರೆತೆ.”

ಬಾಬು ಮಂಚದ ಮೇಲೆ ತೋಪಿಗೆ ಬೆನ್ನು ಹಾಕಿ ಕೂತ. ಬರುವವರು ಬನ್ನಿ ಎಂದು ಕೈಸನ್ನೆ ಮಾಡಿದ. ಚಪ್ಪಲಿ ಬಿಟ್ಟು ಹೊರಟವರು ಅಣ್ಣನೇ. ಎಡಕ್ಕೆ ದೂರ ಹೋಗಿ, ಬಳಸಿ, ಬಲಗಡೆಯಿಂದ ಹಿಂದೆ ಬಂದರು. ಕಂದು ನಾಯಿ ಅವರು ಹೋದಂತೆಲ್ಲ ಮೂಗು ತಿರುಗಿಸುತ್ತ ನಿಂತಿತ್ತು. ಹಗ್ಗ ಬಿಗಿಯಾಯಿತು, ಕೂತವನ ಮೈಗೆ ತಿಳಿಯುವಂತೆ ಮಂಚ ಒಂದು ಚೂರು ಆ ಕಡೆಗೆ ಜರುಗಿತು. ಬಾಬು ತಿರುಗದೆ ಬಲಗೈ ಎತ್ತಿ ಹಿಂದಕ್ಕೆ, ನೇರವಾಗಿ ಅಣ್ಣನ ಎದೆಗೇ ಬೊಟ್ಟು ಮಾಡಿದ. ಇನ್ನೊಂದು ಕಡೆಯಿಂದ ಬಂದರು, ಅಲ್ಲಿಗೂ ಬೊಟ್ಟು. ಮರದ ಮರೆಯಲ್ಲಿ ನಿಂತುಬಿಟ್ಟರು. ಬಾಬುವಿನ ಕೈ ಎತ್ತಿದ್ದು ಎತ್ತಿದ ಹಾಗೇ ಆ ಮರದ ಕಡೆಗೇ ಇತ್ತು. ನಾಯಿಯ ಎಂಜಲು ತಾಗುವ ಮಾತೂ ಇಲ್ಲ, ನಡುವೆ ಹಗ್ಗವಿದೆ. ಹಿತ್ತಲಲ್ಲಿ ಕೂತು ಅವನು ನೋಡಿದ್ದು ಇದನ್ನೇ ಇರಬೇಕು.

ರಾಜನನ್ನೂ ಅದೇ ಮಂಚಕ್ಕೆ ಕಟ್ಟಿ ನೋಡಿದೆವು. ನ್ಯಾಯ ನ್ಯಾಯವೇ. ಅವನು ಎಲ್ಲರಿಗೂ ಬೊಗಳಿದ, ಕಾಗೆಗೂ ಹಾರಿದ, ಮಂಚ ಎಡಬಿಡದೆ ಕುಣಿಯಿತು. ಯಾವ ಕುಣಿತ ಯಾರಿಗೆಂದು ಬಾಬುವಿಗೆ ತಿಳಿಯಲಿಲ್ಲ. ಅದು ರಾಜನ ದೋಷವಲ್ಲ. ಅವನ ವಿದ್ಯೆಯೆಲ್ಲ ಕಿವಿಯಿರುವವರಿಗೆ.

ಸಾಹೇಬರಿಗೆ ಇನ್ನೂ ಒಂದು ಮುಳ್ಳು ಉಳಿದಿತ್ತು. “ಕಚ್ಚಿದ ನಾಯಿ ಅಲ್ವಾ ಡಾಕ್ಟರ್ ಸಾಬ್. ನಾಳೆ ಇವನನ್ನೇ ಕಚ್ಚಿದ್ರೆ?”

ಉತ್ತರ ನಾನು ಕೊಡುವ ಮೊದಲೇ ನಾಯ್ಡುಗಾರು ಆ ನಾಯಿಯ ಮುಂದೆ ನೆಲದ ಮೇಲೆ ಕೂತಿದ್ದರು. ತಾವು ಸಾಕಿದ ನಾಯಿಗಳನ್ನು ನೋಡುವಷ್ಟೇ ಮರ್ಯಾದೆಯಿಂದ ಅದರ ಬಾಯಿ ಬಿಡಿಸಿ ಹಲ್ಲು ನೋಡಿದರು, ಕಿವಿ ಮಡಿಸಿ ನೋಡಿದರು, ಪಕ್ಕೆ ಸವರಿದರು, ಬಾಲ ಹಿಡಿದರು. ಕೊನೆಗೆ ಒಂದು ಪಾದವನ್ನು ಅಂಗೈಯಲ್ಲಿಟ್ಟು ಸ್ವಲ್ಪ ಒತ್ತಿದರು. ಅದು ಅವರ ಮುಖ ನೋಡಿತು, ಪಾದ ಎಳೆದುಕೊಂಡಿತು.

“ಮೆಟ್ಟಿದ್ರೆ ನಾನೂ ಕಚ್ತೀನಿ ಸಾಹೇಬ್ರೇ,” ಎಂದು ಮೇಲೆದ್ದರು. “ಮಂಚಿ ಕುಕ್ಕ, ಒಳ್ಳೇ ನಾಯಿ. ಇದರ ಅಪ್ಪ ಯಾರೋ ಗೊತ್ತಿಲ್ಲ. ಗೊತ್ತಿದ್ರೆ ಕರ್ಕೊಂಡು ಹೋಗಿ ಸಾಕ್ತಿದ್ದೆ.”

ಸಾಹೇಬರು ಮರ್ಯಾದೆಗಾಗಿ ರಾಜನೂ ಇರಲಿ ಎಂದರು. ಅಷ್ಟು ದೂರದಿಂದ ಹೊಗೆ ಕುಡಿದು ಬಂದವರು ಬರಿಗೈಯಲ್ಲಿ ಹೋಗುವುದು ಅವರಿಗೆ ಸರಿಬರಲಿಲ್ಲ. ನಾಯ್ಡುಗಾರು ಒಪ್ಪಲಿಲ್ಲ. “ಇವನು ಮಾತುಗಾರ. ಕೇಳೋರಿರೋ ಮನೆ ನೋಡ್ತೀನಿ.” ಮಾವಿನಕಾಯಿ ಉಪ್ಪಿನಕಾಯಿಗೆಂದು ಕೊಟ್ಟ ಒಂದು ಚೀಲ ಕಾಯಿ ಮಾತ್ರ ತೆಗೆದುಕೊಂಡರು. ಮರಿ ಮಾಡಿಸುವವರಲ್ಲಿ ಹಲವರನ್ನು ಆಮೇಲೆ ನೋಡಿದೆ. ತಂದ ನಾಯಿಯನ್ನು ತಾವೇ ವಾಪಸು ಕರೆದುಕೊಂಡು ಹೋದ ಮತ್ತೊಬ್ಬರನ್ನು ನೋಡಿಲ್ಲ.

ಹುಡುಗರು ಇದರಿಂದ ಬೀದಿ ನಾಯಿಯೇ ಮೇಲು ಎಂಬ ಮೂರನೆಯ ಸಿದ್ಧಾಂತ ಕಟ್ಟಬಾರದು. ಅದೇ ನಾಯಿಯನ್ನು ಸಾಹೇಬರ ಅಂಗಡಿ ಕಾಯಲು ಇಟ್ಟಿದ್ದರೆ ಕಳ್ಳನಿಗೆ ಅನುಕೂಲ. ರಾಜನನ್ನು ಆಮೇಲೆ ಬಂಗಾರಪೇಟೆಯ ಕಡೆ ಒಬ್ಬ ಒಂಟಿ ಹೆಂಗಸಿನ ಮನೆಗೆ ಕೊಟ್ಟರೆಂದು ಕೇಳಿದೆ. ಆಕೆ ಅವನನ್ನು ಮಗನಂತೆ ನೋಡಿಕೊಂಡರಂತೆ. ಯಾವ ನಾಯಿ ಎಂದು ಜನ ಕೇಳಿದಾಗ, ಆ ನಾಯಿಯ ಜೊತೆ ದಿನ ಕಳೆಯುವವರು ಯಾರೆಂದು ಕೇಳಿ. ಆ ಮನುಷ್ಯನನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಯಿ ಬಿಡಿ.

ಮುಂದೆ ಕರಡಿ ಬಂತೇ ಎಂದು ಎಲ್ಲರೂ ಕೇಳುತ್ತಾರೆ. ಸಾಹೇಬರ ಪ್ರಕಾರ ಬಂತು. ಮೊದಲ ಸಲ ಹೇಳಿದಾಗ ಒಂದು ಕರಡಿ, ಮುಂದಿನ ರಂಜಾನಿನಲ್ಲಿ ಹೇಳಿದಾಗ ಮರಿಗಳೂ ಇದ್ದವು. ನಾನು ನೋಡಿಲ್ಲ, ಆದ್ದರಿಂದ ಅದನ್ನು ಬರೆಯುವುದಿಲ್ಲ. ಬಾಬು ಆ ಹಂಗಾಮು ತೋಪಿನಲ್ಲೇ ಇದ್ದ, ಆಮೇಲಿನ ಹಂಗಾಮುಗಳಲ್ಲೂ ಇದ್ದ. ಅದನ್ನು ನೋಡಿದ್ದೇನೆ.

ನೋಡಿದ್ದರಲ್ಲಿ ಇನ್ನೊಂದು ಉಳಿದಿದೆ. ಅದೇ ದಿನ ಸಂಜೆಯದು ಎಂದು ನನ್ನ ನೆನಪು. ಬೇರೆ ದಿನದ್ದೂ ಇರಬಹುದು, ಆದರೆ ಗಾಡಿಯಲ್ಲಿ ನಾನೂ ಕೂತಿದ್ದೆ. ಸಾಹೇಬರು ತಮ್ಮನನ್ನು ತೋಪಿನಲ್ಲಿ ಬಿಟ್ಟು ಮುಳಬಾಗಿಲಿಗೆ ಹೊರಟರು. ಅವನಿಗೆ ಅನ್ನದ ಬುತ್ತಿ ತೋರಿಸಿದರು, ನೀರಿನ ಕೊಡ ತೋರಿಸಿದರು, ಹಗ್ಗದ ಗಂಟನ್ನು ತಾವೇ ಎರಡು ಸಲ ಎಳೆದು ನೋಡಿದರು. ಗಾಡಿ ತೋಪಿನ ಅಂಚಿಗೆ ಬಂದಾಗ ತಡೆಯಲಾರದೆ ಹಿಂದಕ್ಕೆ ತಿರುಗಿ, ಊರಿಗೆಲ್ಲ ಕೇಳುವಂತೆ ಕೂಗಿದರು. “ಬಾಬೂ! ಹುಷಾರು ಕಣೋ!”

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಯಾರನ್ನು ಕೂಗಿದೆನೆಂದು ನೆನಪಾಯಿತೇನೋ. ಬಾಬು ನಮಗೆ ಬೆನ್ನು ಹಾಕಿ ಮಂಚದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ನಾಯಿ ಎದ್ದು ನಮ್ಮ ಕಡೆ ತಿರುಗಿತು. ಹಗ್ಗ ಬಿಗಿಯಾಯಿತು. ಬಾಬು ಹಿಂದೆ ನೋಡದೆ, ಬೀಡಿ ಹಿಡಿದ ಕೈಯನ್ನೇ ಮೇಲಕ್ಕೆತ್ತಿ, ಹೋಗಿ ಬನ್ನಿ ಎಂದು ಎರಡು ಸಲ ಆಡಿಸಿದ.